ಕಾರಣದ ಮನೆ

ಶಿಡ್ಲಘಟ್ಟದ ನಮ್ಮ ಫಿಲೇಚರಿನ ರಿಜಿಸ್ಟರಿನಲ್ಲಿ
ತಾರೀಖಿಗೆ ಒಂದು ಮನೆ, ಬೇಸಿನ್ ನಂಬರಿಗೆ ಒಂದು,
ಎಳೆ ಎಷ್ಟು ಸಲ ಕಡಿಯಿತು ಅನ್ನುವುದಕ್ಕೆ ಒಂದು,
ಕಟ್ಟಕಡೆಗೆ, ಅಂಚಿಗೆ ಒತ್ತಿಕೊಂಡು,
ಎರಡು ಬೆರಳಗಲದ ಮನೆ: ಕಾರಣ.

ಅದನ್ನು ತುಂಬುವವಳು ನಾನು.
ಹನ್ನೊಂದು ವರ್ಷದಿಂದ ತುಂಬುತ್ತಿದ್ದೇನೆ.
ಬೇಯುವ ಹುಳುವಿನ ವಾಸನೆ ಈಗ ನನಗೆ ವಾಸನೆಯಲ್ಲ,
ಬಸ್ಸಿನಲ್ಲಿ ಪಕ್ಕದವರು ಸರಿದು ಕೂತಾಗಷ್ಟೆ ನೆನಪಾಗುತ್ತದೆ.

ಎರಡನೇ ಬೇಸಿನ್ನಿನ ಚೌಡರೆಡ್ಡಿ
ದಿಬ್ಬೂರಹಳ್ಳಿ ಕಡೆಯವನು, ನಮ್ಮ ಬಸ್ಸಿನವನು.
ಅವನ ಡಬ್ಬಿಯ ಬಸ್ಸಾರಿನಲ್ಲಿ ನನಗೂ ಒಂದು ಪಾಲು.
ಅವನ ಎಳೆ ಕಡಿದರೆ ಬರೆಯುತ್ತಿದ್ದೆ:
ಗೂಡು ತೆಳು. ಕರೆಂಟು ಏರಿಳಿತ. ಮೋಡ.
ಒಂದು ಸಲ, ಬೇರೇನೂ ಹೊಳೆಯದೆ, ಅಮಾವಾಸ್ಯೆ.

ಒಂಬತ್ತನೇ ಬೇಸಿನ್ನಿನ ಗಂಗುಲಮ್ಮ
ನಗುವುದು ಕಡಿಮೆ, ಎಲೆಯಡಿಕೆ ಜಾಸ್ತಿ.
ಊಟಕ್ಕೆ ಮೆಟ್ಟಿಲ ಮೇಲೆ, ನಮ್ಮ ಕಡೆ ಬೆನ್ನು ಹಾಕಿ.
ಅವಳ ಎಳೆ ಕಡಿದರೆ
ಮೋಡ ಎಲ್ಲಿ ಹೋಗುತ್ತಿತ್ತೋ!
ಅಜಾಗ್ರತೆ. ಕೈ ಒರಟು. ಗಮನ ಬೇರೆಲ್ಲೋ.
ನೋಡಿ ಬರೆದೆನೇ? ಇಲ್ಲ.
ಪೆನ್ನಿಗೆ ದಾರಿ ಗೊತ್ತಿತ್ತು,
ಗಾಣದೆತ್ತಿಗೆ ಗೊತ್ತಿರುವ ಹಾಗೆ.

ಒಂದು ವಾರ ಅವಳ ನೂಲು
ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಇಳಿಯಿತು.
ಬರೆದೆ: ದ್ವಿತಳಿ ಗೂಡು, ಒಳ್ಳೆಯ ಲಾಟು.
ಅದೇ ಲಾಟು ರೆಡ್ಡಿಗೆ ಹೋದಾಗ: ಕೈಗುಣ.

ವರ್ಷಕ್ಕೊಮ್ಮೆ ಶೆಟ್ಟರು ಕನ್ನಡಕ ಹಾಕಿ
ಆ ಎರಡು ಬೆರಳಗಲವನ್ನಷ್ಟೇ ಓದುತ್ತಾರೆ.
ರೆಡ್ಡಿಗೆ ದಿನಕ್ಕೆ ಮೂವತ್ತು ಏರಿತು.
ಅವಳಿಗೆ, "ಮುಂದಿನ ಯುಗಾದಿಗೆ ನೋಡೋಣ."
ಆ ಮುಂದಿನ ಯುಗಾದಿ ಎರಡು ಸಲ ಬಂದುಹೋಯಿತು.

ಇದು ಯಾವುದೂ ನನಗೆ ಕಾಣಲಿಲ್ಲ,
ಕಣ್ಣಿಗೆ ರೆಪ್ಪೆ ಕಾಣದ ಹಾಗೆ.

ಕಂಡದ್ದು ಜ್ಯೇಷ್ಠದಲ್ಲಿ.
ತಿಂಗಳ ಲೆಕ್ಕದಲ್ಲಿ ನೂಲು ಐದು ಕೇಜಿ ತಪ್ಪಿ ಕೂಡಿದ್ದೆ.
ತೂಕದ ಚೀಟಿಗಳು ಹಬೆಗೆ ನೆಂದು
ಮೂರು ಎಂಟಾಗಿ ಕೂತಿತ್ತು.
ಶೆಟ್ಟರು ಒಳ್ಳೆಯವರೇ, ಹಬ್ಬಕ್ಕೆ ಸೀರೆ ಕೊಡುವವರು.
ನನ್ನೆದುರಿಗೇ ಫೋನಿನಲ್ಲಿ ಯಾರಿಗೋ ಹೇಳಿದರು:
"ಹೆಂಗಸರ ಕೈಗೆ ಲೆಕ್ಕ ಕೊಟ್ಟರೆ ಇನ್ನೇನಾಗುತ್ತೆ?"

ಹಬೆ, ಅಂತ ಹೇಳಹೋದೆ.
ಹೇಳುವುದಕ್ಕೆ ಇದ್ದ ಜಾಗ ಎರಡು ಬೆರಳಗಲ.

ಆ ಮಧ್ಯಾಹ್ನ, ಯಾಕೆಂದು ಗೊತ್ತಿಲ್ಲದೆ,
ಬೇಸಿನ್ನುಗಳ ಸಾಲಿನಲ್ಲಿ ಬೆರಳದ್ದುತ್ತ ನಡೆದೆ.
ಎರಡರಲ್ಲಿ ಸುಟ್ಟಿತು.
ಐದರಲ್ಲಿ ಬಿಸಿ.
ಒಂಬತ್ತರಲ್ಲಿ ಎಳೆಗೂಸಿಗೆ ಎರೆಯಬಹುದಾದ ನೀರು.
ಬಾಯ್ಲರಿನ ಪೈಪು ಒಂದರಿಂದ ಹೊರಟು
ದಾರಿಯುದ್ದಕ್ಕೂ ಹಂಚಿ ಹಂಚಿ
ಅವಳ ಹತ್ತಿರ ಬರಿಗೈಲಿ ಬರುತ್ತಿತ್ತು.
ಮೆತ್ತಗಾಗದ ಗೂಡಿನಿಂದ
ಅಷ್ಟು ನೂಲನ್ನು ಅವಳು ಹೇಗೆ ತೆಗೆದಳೋ,
ಅದಕ್ಕೆ ನನ್ನ ರಿಜಿಸ್ಟರಿನಲ್ಲಿ ಮನೆಯೇ ಇಲ್ಲ.

"ನೀರು ತಣ್ಣಗಿದೆ ಗಂಗುಲಮ್ಮ" ಅಂದೆ,
ಏನೋ ಕಂಡುಹಿಡಿದವಳ ಹಾಗೆ.
ಅವಳು ಎಳೆ ಬಿಡಲಿಲ್ಲ, ತಲೆ ಎತ್ತಲಿಲ್ಲ.
ನೆಂದು ಬಿಳಿಚಿದ ಬೆರಳು
ತುದಿ ಹುಡುಕಿ, ಗಂಟಿಕ್ಕಿ, ಮುಂದಕ್ಕೆ ಕಳಿಸಿತು.
"ಸೇರಿದ ದಿನಾನೇ ಯೋಳಿದ್ದೆ ಮೇಡಂ.
ನೀವು ಬರ್ಕೊಂಡ್ರಿ."

ಎಲ್ಲರೂ ಹೋದ ಮೇಲೆ ಕಪಾಟಿನಿಂದ
ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿದೆ.
ಜಿರಲೆ ತಿಂದ ಅಂಚು, ಪುಟಪುಟಕ್ಕೂ
ನನ್ನ ಮೋಡ, ನನ್ನ ಅಮಾವಾಸ್ಯೆ.
ಕಡೆಯ ಬಸ್ಸಿನ ಹಾರನ್ನು ಕೇಳಿಸಿತು, ಏಳಲಿಲ್ಲ.
ಸಿಕ್ಕಿತು. ಬೇಸಿನ್ ಒಂಬತ್ತು, ಗಂಗುಲಮ್ಮ, ಮೊದಲ ದಿನ.
ನನ್ನದೇ ದುಂಡಕ್ಷರ, ನೀಲಿ ಶಾಯಿ,
ಕಾರಣದ ಮನೆಯಲ್ಲಿ:

ದೂರು ಜಾಸ್ತಿ.